ಹಿಂದೆ ಕೂರುವ ಗಾಡಿ: ಶಾಕ್ ಬಿಚ್ಚಿಸುವ ಮೊದಲು ಅಳತೆ ಟೇಪ್ ಹಿಡಿಯಿರಿ

ಚನ್ನಗಿರಿ ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಏಳು ಸೀಟಿನ ಹಳೆ ಗಾಡಿ, ಮನೆಮಂದಿ ಜೊತೆ ಎರಡು ಚೀಲ ಅಡಿಕೆ ಹಾಕಿದರೆ ಹಿಂದುಗಡೆ ಕೂತುಬಿಡುತ್ತದೆ, ಗ್ಯಾರೇಜಿನವರು ಸಾದಾ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂದಿದ್ದಾರೆ. ಸ್ವಲ್ಪ ತಡೀರಿ.

ನೀವು ಹಾಕಿದ ಫೋಟೋದಲ್ಲಿ ಹಿಂದಿನ ಶಾಕ್ ದಪ್ಪಗಿದೆ, ಪೈಪೂ ಇಲ್ಲ, ವೈರೂ ಇಲ್ಲ. ಇದು ನಿವೋಮ್ಯಾಟ್ ಥರದ್ದು, ಅಂದರೆ ಲೋಡ್ ಹಾಕಿದಾಗ ಕೂತ ಹಿಂಭಾಗವನ್ನು ತಾನೇ ಎತ್ತುವ ಶಾಕ್. ಕಂಪ್ರೆಸರ್, ಸೆನ್ಸರ್ ಹುಡುಕಬೇಡಿ, ಇದರಲ್ಲಿ ಇರೋದೇ ಇಲ್ಲ. ಗಾಡಿ ಕುಲುಕಿದಾಗ ಶಾಕ್ ಒಳಗಿನ ಪಂಪ್ ಎಣ್ಣೆಯನ್ನು ಒತ್ತಿ ಹಿಂಭಾಗವನ್ನು ಎತ್ತುತ್ತದೆ. ಊರಿನ ಕೈಪಂಪ್ ಇದ್ದ ಹಾಗೆ, ಹಿಡಿ ಆಡಿಸದಿದ್ದರೆ ನೀರು ಬರಲ್ಲ ಅಲ್ವಾ? ಹಾಗಾಗಿ ಲೋಡ್ ಮಾಡಿ ನಿಲ್ಲಿಸಿದಾಗ ಕೂತರೆ ಅದು ರಿಪೇರಿ ಕೆಲಸವೇ ಅಲ್ಲ. ಓಡಿಸಿದ ಮೇಲೂ ಏಳದಿದ್ದರೆ ಮಾತ್ರ ಯೋಚನೆ ಮಾಡಿ.

ಮೊದಲು ಟೈರಿನ ಗಾಳಿ ಸರಿ ಮಾಡಿ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಆಮೇಲೆ ಜನ, ಚೀಲ ಹಾಕಿ ಅಳೆಯಿರಿ. ನಂತರ ನಾಲ್ಕೈದು ಕಿಲೋಮೀಟರ್ ಓಡಿಸಿ, ಲೋಡ್ ಇಳಿಸದೆ ಮತ್ತೆ ಅಳೆಯಿರಿ. ಚಿತ್ರದುರ್ಗದ ಕಡೆ ಹೈವೇಗೆ ಹೋಗಬೇಡಿ, ನುಣ್ಣನೆ ರೋಡಲ್ಲಿ ಪಂಪಿಗೆ ಕೆಲಸವೇ ಕಮ್ಮಿ. ನಿಮ್ಮ ತೋಟದ ದಾರಿಯೇ ಸಾಕು! ಮೂರನೇ ಅಳತೆ ಎರಡನೆಯದಕ್ಕಿಂತ ಹೆಚ್ಚಿದ್ದರೆ ಶಾಕ್ ಚೆನ್ನಾಗಿದೆ. ಒಂದೇ ಕಡೆ ಏಳದಿದ್ದರೆ ಆ ಕಡೆ ಶಾಕ್ ನೋಡಿ, ಎಣ್ಣೆ ಸೋರಿ ಒದ್ದೆಯಾಗಿದ್ದರೆ ಹೋಯಿತು. ಕಾಯಿಲ್ ಸ್ಪ್ರಿಂಗ್ ತುದಿ ಮುರಿದಿದೆಯಾ ಅಂತಲೂ ನೋಡಿ, ಕೆಸರು ಮೆತ್ತಿಕೊಂಡಿದ್ದರೆ ಸುಮ್ನೆ ಕಣ್ಣು ತಪ್ಪಿಹೋಗುತ್ತದೆ.

ಸಾದಾ ಶಾಕ್ ವಿಷಯ. ನಾನೂ ಒಮ್ಮೆ ಅದೇ ಮಾತು ಕೇಳಿ ಹಾಕಿಸಿದ್ದೆ. ಖಾಲಿ ಗಾಡಿಯೂ ಹಿಂದೆ ಕೂತಿತು. ಕಾರಣ, ಈ ಶಾಕ್ ಭಾರದ ಒಂದು ಪಾಲು ತಾನೇ ಹೊರುತ್ತದೆ, ಅದಕ್ಕೆ ಕಂಪನಿಯವರು ಸ್ಪ್ರಿಂಗ್ ಮೆತ್ತಗಿನದು ಕೊಟ್ಟಿರುತ್ತಾರೆ. ಸಾದಾ ಶಾಕ್ ಬರೀ ಕುಲುಕಾಟ ತಡೆಯುತ್ತದೆ, ಭಾರ ಹೊರುವುದಿಲ್ಲ. ಆಮೇಲೆ ಸ್ಪ್ರಿಂಗ್‌ಗೂ ದುಡ್ಡು ಸುರಿದೆ. ನೀವು ಸಾದಾಕ್ಕೆ ಹೋಗುವುದಾದರೆ ಗಟ್ಟಿ ಸ್ಪ್ರಿಂಗಿನ ರೇಟನ್ನೂ ಸೇರಿಸಿ ಕೇಳಿ. ಯಾವುದೇ ಹಾಕಿಸಿ, ಜೋಡಿಯಾಗಿಯೇ ಹಾಕಿಸಿ. ಹಳೆ ಶಾಕನ್ನು ಕೊಯ್ಯಲು, ಕಾಯಿಸಲು ಮಾತ್ರ ಬಿಡಬೇಡಿ, ಒಳಗೆ ಗ್ಯಾಸ್ ಒತ್ತಡ ಜಾಸ್ತಿ ಇರುತ್ತದೆ.

ರಾತ್ರಿ ಎದುರಿನವರು ಲೈಟ್ ಡಿಮ್ ಮಾಡಿ ಅಂತ ಫ್ಲಾಶ್ ಹೊಡೆಯುತ್ತಿದ್ದಾರಾ? ಹಿಂದೆ ಕೂತರೆ ಮುಂದಿನ ಲೈಟ್ ಮೇಲಕ್ಕೆ ನೋಡುತ್ತದೆ. ಇದು ಸರಿಯಾಗುವವರೆಗೆ ಲೋಡ್ ಕಮ್ಮಿ ಮಾಡಿ. ಮೂರೂ ಅಳತೆ ಎಡ ಬಲ ಬರೆದು ಇಲ್ಲೇ ಹಾಕಿ, ನೋಡೋಣ.