ಓದುಗರ ಪ್ರಶ್ನೆ: ನೀರಿನ ಬಾಟಲಿಯಲ್ಲಿ ಥಿನ್ನರ್, ದೇವರ ಮನೆಯಲ್ಲಿ ಕರ್ಪೂರ

ಪ್ರಶ್ನೆ: ವಿಷದ ಕೇಸು ಎಂದರೆ ಪೇಪರಿನಲ್ಲಿ ಬರುವುದು ಹೊಲಕ್ಕೆ ಹೊಡೆಯುವ ಔಷಧಿಯ ಸುದ್ದಿ. ಫೋನಿನಲ್ಲಿ ಸಲಹೆ ಕೊಡುವ ವಿಷ ಮಾಹಿತಿ ಕೇಂದ್ರಗಳಿಗೆ ಬರುವ ಕರೆಗಳೂ ಅಂಥವೇನಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಆಸ್ಪತ್ರೆ ವಾರ್ಡಿನ ಲೆಕ್ಕ ಬೇರೆ, ಫೋನಿನ ಲೆಕ್ಕ ಬೇರೆ. ಆಸ್ಪತ್ರೆ ಸೇರುವವರಲ್ಲಿ ಕೀಟನಾಶಕದ ಪಾಲು ದೊಡ್ಡದು, ಹೆಚ್ಚಿನವರು ವಯಸ್ಕರು. ಫೋನಿನಲ್ಲಿ ಸೊಳ್ಳೆ ಮೆಷಿನ್ನಿನ ದ್ರವ, ಫಿನಾಯಿಲ್, ನುಸಿಗುಳಿಗೆ, ಇಲಿ ಪಾಷಾಣದ ಕರೆಗಳೇ ಜಾಸ್ತಿ. ಬಾಯಿಗಿಟ್ಟವರಲ್ಲಿ ಮಕ್ಕಳೇ ಹೆಚ್ಚು. ದಿನಾ ನೋಡುವ ವಿಷಕ್ಕೆ ವೈದ್ಯರು ಯಾರನ್ನೂ ಕೇಳುವುದಿಲ್ಲ, ಅಪರೂಪದ್ದಕ್ಕೆ ಫೋನ್ ಮಾಡುತ್ತಾರೆ. ಹಾಗಾಗಿ ಕರೆಗಳ ಅಂಕಿಯನ್ನೇ ಊರಿನ ಅಂಕಿ ಎಂದುಕೊಳ್ಳಬೇಡಿ.

ನಗರದ ಮನೆಗಳಲ್ಲಿ ಎಡವಟ್ಟು ಶುರುವಾಗುವುದು ಬಾಟಲಿಯಿಂದ. ಗಾಡಿಯವರ ಹತ್ತಿರ ಫಿನಾಯಿಲ್, ಆಸಿಡ್ ಕೊಂಡು ಹಳೇ ನೀರಿನ ಬಾಟಲಿಗೆ ತುಂಬಿಸುತ್ತೇವೆ. ಪೇಂಟಿಂಗ್‌ನವರು ಬಿಟ್ಟುಹೋದ ಥಿನ್ನರ್ ಕೂಡ ಅಂಥದ್ದರಲ್ಲೇ ಇರುತ್ತದೆ. ಥಿನ್ನರ್, ಸೀಮೆಎಣ್ಣೆಯ ಭಯ ಹೊಟ್ಟೆಗಿಂತ ಶ್ವಾಸಕೋಶಕ್ಕೆ. ವಾಂತಿ ಮಾಡಿಸಿದರೆ ಹೊರಗೆ ಬರುವಾಗ ಒಂದಿಷ್ಟು ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ತರುತ್ತದೆ. ಕೆಮ್ಮು, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ. ಮಗು ಆಡಿಕೊಂಡಿದ್ದರೂ ವೈದ್ಯರಿಗೆ ತೋರಿಸಿ, ಆರು ಗಂಟೆ ಕಣ್ಣಿಟ್ಟಿರಿ. ಸೊಳ್ಳೆ ಮೆಷಿನ್ನಿನ ದ್ರವದಲ್ಲೂ ಔಷಧಿ ಸಾಮಾನ್ಯವಾಗಿ ಶೇ. 1–2ರಷ್ಟೇ, ಮಿಕ್ಕದ್ದು ಹೆಚ್ಚಾಗಿ ಸೀಮೆಎಣ್ಣೆ ಜಾತಿಯ ದ್ರಾವಕ.

ಪ್ರಶ್ನೆ: ಎರಡು ವರ್ಷದ ಮೊಮ್ಮಗ ದೇವರ ಮನೆಯ ಕರ್ಪೂರವನ್ನು ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡಿದ್ದ, ಉಗುಳಿಸಿದೆವು. ಅಷ್ಟೊಂದು ಅಪಾಯವಾ?
– ಓದುಗರು, ಬಸವನಗುಡಿ

ಉತ್ತರ: ಹೌದು, ನುಸಿಗುಳಿಗೆಗಿಂತ ಹೆಚ್ಚೇ. ಮೈತೂಕದ ಕಿಲೋಗೆ 30 ಮಿಲಿಗ್ರಾಂ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. 12 ಕಿಲೋ ಮಗುವಿಗೆ ಅದು ಬರೀ 360 ಮಿಲಿಗ್ರಾಂ. ಒಂದು ಗ್ರಾಂ ಹೊಟ್ಟೆಗೆ ಹೋದರೆ ಪುಟ್ಟ ಮಗುವಿನ ಪ್ರಾಣಕ್ಕೇ ಕುತ್ತು. ಮುನ್ಸೂಚನೆಯಿಲ್ಲದೆ ಫಿಟ್ಸ್ ಬರುತ್ತದೆ, ಸಾಮಾನ್ಯವಾಗಿ ತಿಂದ ಒಂದೂವರೆ ಗಂಟೆಯೊಳಗೆ. ಇಲ್ಲೂ ವಾಂತಿ ಮಾಡಿಸಬೇಡಿ: ಅದೇ ಹೊತ್ತಿಗೆ ಫಿಟ್ಸ್ ಬಂದರೆ ಉಸಿರು ಕಟ್ಟುತ್ತದೆ. ನಾಲ್ಕು ಗಂಟೆ ಏನೂ ಆಗದಿದ್ದರೆ ಮುಂದೆ ಆಗುವ ಸಾಧ್ಯತೆ ಕಡಿಮೆ. ಮಂಗಳಾರತಿ ಆದಮೇಲೆ ಡಬ್ಬಿ ಮೇಲಿನ ಶೆಲ್ಫಿಗೆ ಹೋಗಲಿ.

ಪ್ರಶ್ನೆ: ಫೋನ್ ಮಾಡುವುದಾದರೆ ಎಲ್ಲಿಗೆ, ಏನು ಹೇಳಬೇಕು?
– ಓದುಗರು, ಯಲಹಂಕ

ಉತ್ತರ: ಮಗುವಿಗೆ ಪ್ರಜ್ಞೆ ಇಲ್ಲ, ಫಿಟ್ಸ್ ಇದೆ ಅಂದರೆ ನೇರ 108. ಇಲ್ಲವಾದರೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ, 1800 116 117. ಪ್ಯಾಕೆಟ್ ಕೈಯಲ್ಲಿ ಹಿಡಿದೇ ಮಾತಾಡಿ: ಬ್ರ್ಯಾಂಡಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು, ಶೇಕಡಾವಾರು ಮುಖ್ಯ. ‘ಇಲಿ ಪಾಷಾಣ’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಹಳದಿ ರಂಜಕದ ಪೇಸ್ಟ್ ಯಕೃತ್ತನ್ನು ಕೆಡಿಸುತ್ತದೆ, ಚಿಕಿತ್ಸೆಯೂ ಬೇರೆ ಬೇರೆ. ಮಗುವಿನ ತೂಕ, ತಿಂದ ಹೊತ್ತು, ಎಷ್ಟು ಉಳಿದಿದೆ ಇವನ್ನೂ ತಿಳಿಸಿ.

ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಸೋಡಿಯಂ ಏರುತ್ತದೆ. ನುಸಿಗುಳಿಗೆ ತಿಂದ ಮಗುವಿಗೆ ಹಾಲೂ ಬೇಡ. ಗುಳಿಗೆಯಲ್ಲಿರುವ ನ್ಯಾಫ್ಥಲೀನ್ ಹಾಲಿನ ಕೊಬ್ಬಿನ ಜೊತೆ ಬೇಗ ರಕ್ತ ಸೇರುತ್ತದೆ. ಆಮೇಲಿನ ಎರಡು ಮೂರು ದಿನದಲ್ಲಿ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕೆಂಪು ರಕ್ತಕಣ ಒಡೆಯುತ್ತಿವೆ ಎಂದರ್ಥ, ರಾತ್ರಿಯಾದರೂ ಕಾಯದೆ ಹೊರಡಿ.