ಅರಮನೆಯ ಊಟದ ಮೇಜಿಗೆ ಬಂದ ಬೀದಿ ವ್ಯಾಪಾರಿಗಳು

ಪ್ರಶ್ನೆ: ನಿಂಬೆಹಣ್ಣಿನ ಬುಟ್ಟಿ ಹಿಡಿದ ಹೆಂಗಸಿನ ಹಳೆಯ ಪಿಂಗಾಣಿ ಗೊಂಬೆಯೊಂದನ್ನು ಕೊಂಡಿದ್ದೇನೆ. ತಳದಲ್ಲಿ ಒಂದರ ಮೇಲೊಂದು ಅಡ್ಡಲಾಗಿಟ್ಟ ಎರಡು ಕತ್ತಿಗಳ ನೀಲಿ ಗುರುತಿದೆ. ಇದು 18ನೆಯ ಶತಮಾನದ ಮೈಸನ್ ಗೊಂಬೆಯೇ? ದೇವತೆಗಳನ್ನೂ ರಾಜರನ್ನೂ ಬಿಟ್ಟು ಬೀದಿ ವ್ಯಾಪಾರಿಗಳನ್ನು ಇಷ್ಟು ಬೆಲೆಬಾಳುವ ಪಿಂಗಾಣಿಯಲ್ಲಿ ಏಕೆ ರೂಪಿಸಿದರು? ಬೆರಳೊಂದು ಮುರಿದಿದೆ, ಸರಿಪಡಿಸಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಮೈಸನ್ ಪಿಂಗಾಣಿ ಕಾರ್ಖಾನೆ 1710ರಲ್ಲಿ ಆರಂಭವಾಯಿತು. ಆ ಕಾಲದ ಯುರೋಪಿನ ಅರಮನೆಗಳಲ್ಲಿ ಔತಣದ ಕೊನೆಯ ಸಿಹಿ ಬಡಿಸುವಾಗ ಸಕ್ಕರೆಯಿಂದಲೂ ಮೇಣದಿಂದಲೂ ಮಾಡಿದ ಸಣ್ಣ ಗೊಂಬೆಗಳನ್ನು ಮೇಜಿನ ಉದ್ದಕ್ಕೂ ಜೋಡಿಸುವ ಪದ್ಧತಿಯಿತ್ತು. ಆ ಸ್ಥಾನಕ್ಕೆ ಪಿಂಗಾಣಿಯನ್ನು ತಂದವರಲ್ಲಿ ಪ್ರಮುಖ, 1731ರಲ್ಲಿ ಮೈಸನ್ ಸೇರಿದ ಶಿಲ್ಪಿ ಯೋಹಾನ್ ಯೋಆಕಿಮ್ ಕೆಂಡ್ಲರ್. ಅದೇ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಶಿಲ್ಪಿ ಎಡ್ಮೆ ಬೂಶಾರ್ದೋಂ, ಬೀದಿಯಲ್ಲಿ ಕೂಗಿ ಮಾರುವವರ ಚಿತ್ರಗಳನ್ನು ಬರೆದಿದ್ದ. ನೀರು ಹೊರುವವನು, ಪೊರಕೆ ಮಾರುವವಳು, ಮೊಲದ ಚರ್ಮ ಕೊಳ್ಳುವವನು ಮೊದಲಾದವರ ಈ ಚಿತ್ರಗಳು 1737ರಿಂದ 1746ರವರೆಗೆ, ಹನ್ನೆರಡರಂತೆ ಐದು ಕಂತುಗಳಲ್ಲಿ, 60 ಮುದ್ರಿತ ಫಲಕಗಳಾಗಿ ಹೊರಬಂದವು. ಕೆಂಡ್ಲರನೂ ಅವನ ಸಹಾಯಕ ಪೀಟರ್ ರೈನಿಕೆಯೂ ಮೈಸನ್‌ನಲ್ಲಿ ರೂಪಿಸಿದ ಬೀದಿ ವ್ಯಾಪಾರಿ ಗೊಂಬೆಗಳ ಮೊದಲ ಸರಣಿಗೆ ಇವೇ ಆಧಾರ. 1750ರ ದಶಕದ ಎರಡನೆಯ ಸರಣಿಗೆ ಕ್ರಿಸ್ತೋಫ್ ಯುಎ ಎಂಬ ಫ್ರೆಂಚ್ ಕಲಾವಿದ ಪ್ರತ್ಯೇಕವಾಗಿ ಚಿತ್ರಗಳನ್ನು ಬರೆದುಕೊಟ್ಟ.

ಬೂಶಾರ್ದೋಂನ ಫಲಕಗಳಲ್ಲಿ ಹೊರೆಯ ಭಾರ ಕಾಣುತ್ತದೆ. ಬೆನ್ನು ಬಾಗಿದೆ, ಬಟ್ಟೆ ಸವೆದಿದೆ. ಯುಎಯನ್ನು ಅನುಸರಿಸಿದ ಪಿಂಗಾಣಿ ವ್ಯಾಪಾರಿಗಳಾದರೋ ಹೂವಿನ ಅಂಚಿನ ಬಟ್ಟೆ ತೊಟ್ಟು, ನರ್ತಿಸುವ ಭಂಗಿಯಲ್ಲಿ ನಿಂತಿದ್ದಾರೆ. ಅರಮನೆಯ ಅತಿಥಿಗಳಿಗೆ ಬಡವರ ದುಡಿಮೆಯಲ್ಲ, ಅದರ ವರ್ಣರಂಜಿತ ರೂಪವಷ್ಟೇ ಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೂ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿಯುವ ರೀತಿಯನ್ನೂ ಕೂಗಲು ತುಸು ತೆರೆದ ಬಾಯನ್ನೂ ಆ ಶಿಲ್ಪಿಗಳು ಬಿಡದೆ ಗಮನಿಸಿದ್ದಾರೆ. ಈ ಗೊಂಬೆಗಳನ್ನು ನಾನು ಮೆಚ್ಚುವುದು ಇದಕ್ಕಾಗಿಯೇ.

ಇನ್ನು ನಿಮ್ಮ ಗೊಂಬೆಯ ಕಾಲ. ಅಡ್ಡಲಾಗಿಟ್ಟ ಕತ್ತಿಗಳು ಮೈಸನ್ ಕಾರ್ಖಾನೆಯ ಗುರುತೇ ಹೌದು; ಆದರೆ ಅದೊಂದನ್ನೇ ನಂಬಬೇಡಿ, ಏಕೆಂದರೆ ಅತ್ಯಂತ ಸುಲಭವಾಗಿ ನಕಲು ಮಾಡಬಹುದಾದದ್ದು ಅದೇ. 1845ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸ್ಯಾಮ್ಸನ್ ಸಂಸ್ಥೆ ಹಳೆಯ ಪಿಂಗಾಣಿಯ ಪ್ರತಿಕೃತಿಗಳಿಗೇ ಹೆಸರಾಗಿತ್ತು. ಮೈಸನ್ ಕೂಡ ತನ್ನ ಹಳೆಯ ಮಾದರಿಗಳನ್ನು 19ನೆಯ ಶತಮಾನದಲ್ಲಿ ಮತ್ತೆ ತಯಾರಿಸಿತು. 1750ರ ದಶಕದ ಗೊಂಬೆಗಳಲ್ಲಿ ಗುರುತು ಸಾಮಾನ್ಯವಾಗಿ ಬಹಳ ಚಿಕ್ಕದು. ಅದು ಪೀಠದ ಹಿಂಭಾಗದ ಅಂಚಿನಲ್ಲಿರುತ್ತದೆ. ತಳದ ನಡುವೆ ದೊಡ್ಡದಾಗಿ ಬರೆದ ಗುರುತಿದ್ದು, ಜೊತೆಗೆ ಗೀಚಿದ ಮಾದರಿ ಸಂಖ್ಯೆಯೂ ಇದ್ದರೆ, ಅದು ಬಹುಮಟ್ಟಿಗೆ 19ನೆಯ ಶತಮಾನದ್ದು. ಅಳತೆಯೂ ಒಂದು ಸಾಕ್ಷಿ. ಪಿಂಗಾಣಿಯ ಮಣ್ಣು ಬೆಂದಾಗ ಸುಮಾರು ಆರನೆಯ ಒಂದು ಭಾಗದಷ್ಟು ಕುಗ್ಗುವುದರಿಂದ, ಸಿದ್ಧ ಗೊಂಬೆಯಿಂದಲೇ ಅಚ್ಚು ತೆಗೆದು ಮಾಡಿದ ನಕಲು ಮೂಲಕ್ಕಿಂತ ಚಿಕ್ಕದಾಗಿರುತ್ತದೆ. ಎರಡನೆಯ ಸರಣಿಯ ಗೊಂಬೆಗಳು ಸುಮಾರು 13ರಿಂದ 15 ಸೆಂಟಿಮೀಟರ್ ಎತ್ತರವಿವೆ. ವಸ್ತುಸಂಗ್ರಹಾಲಯಗಳು ಪ್ರಕಟಿಸಿರುವ ಅಳತೆಯೊಡನೆ ನಿಮ್ಮದನ್ನು ಹೋಲಿಸಿ ನೋಡಿ. ಆದರೆ ಕಾರ್ಖಾನೆಯ ಸ್ವಂತ ಅಚ್ಚುಗಳಿಂದ ಬಂದ ಮರುತಯಾರಿಕೆಯನ್ನು ಈ ಪರೀಕ್ಷೆ ಹಿಡಿಯಲಾರದು. ಅಲ್ಲಿ ಬಣ್ಣ, ಮುಖದ ಗೆರೆ, ಬೆರಳುಗಳ ಕೆಲಸವನ್ನು ತಜ್ಞರೇ ನೋಡಬೇಕು.

ಬೆರಳನ್ನು ನೀವೇ ಅಂಟಿಸಬೇಡಿ. ಮುರಿದ ತುಂಡು ಸಿಕ್ಕಿದ್ದರೆ ಅದನ್ನು ಹತ್ತಿಯಲ್ಲಿ ಸುತ್ತಿಟ್ಟು, ಪಿಂಗಾಣಿ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಗೆ ಒಪ್ಪಿಸಿ. ಅವರ ಬಳಿ ಅತಿನೇರಳೆ ಬೆಳಕಿನಲ್ಲಿ ಇಡೀ ಗೊಂಬೆಯನ್ನು ಪರೀಕ್ಷಿಸಿ ಕೊಡುವಂತೆಯೂ ಕೇಳಿ. ಹಿಂದೆ ಯಾರಾದರೂ ಬಣ್ಣ ಬಳಿದು ಮುಚ್ಚಿದ ದುರಸ್ತಿಗಳು ಆ ಬೆಳಕಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಕಾಣುತ್ತವೆ. ಹಳೆಯ ಅಂಟು ನೀರಿನಲ್ಲಿ ಸಡಿಲವಾಗಬಹುದು. ಆದುದರಿಂದ ಪರೀಕ್ಷೆ ಮುಗಿಯುವವರೆಗೆ ತೊಳೆಯದೆ, ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು.