ವಚನದ ಪಿಡಿಎಫ್ ಎರಡು ಕಡೆ ಬೇಡ

ಪ್ರಶ್ನೆ: ಮೇಡಂ, ಲ್ಯಾಪ್‌ಟಾಪ್‌ನಲ್ಲಿರುವ ಪುಸ್ತಕಗಳನ್ನು ಡ್ಯೂಯಿ ಪದ್ಧತಿಯಲ್ಲಿ (ಗ್ರಂಥಾಲಯಗಳಂತೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು) ಜೋಡಿಸುತ್ತಿದ್ದೇನೆ. ವಚನಗಳನ್ನು ಧರ್ಮದಲ್ಲಿ ಇಡಲೋ, ಸಾಹಿತ್ಯದಲ್ಲೋ? ಸದ್ಯ ಎರಡೂ ಕಡೆ ಕಾಪಿ ಇಟ್ಟಿದ್ದೇನೆ.
(ಓದುಗರು, ವಿಜಯಪುರ)

ಮೊದಲು ಒಂದು ಕಾಪಿ ಅಳಿಸಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಇದೇ ಎರಡು ಕಾಪಿಯ ಗೋಳು. ನೀವು ಒಂದರಲ್ಲಿ ಟಿಪ್ಪಣಿ ಬರೆಯುತ್ತೀರಿ, ಇನ್ನೊಂದು ಹಾಗೇ ಉಳಿಯುತ್ತದೆ. ವರ್ಷ ಕಳೆದ ಮೇಲೆ ತೆರೆಯುವುದು ಟಿಪ್ಪಣಿ ಇಲ್ಲದ್ದನ್ನೇ.

ಹೆಸರಿನಲ್ಲಿ 'ವಚನ' ಇದೆ ಅಂತ ಎಲ್ಲವನ್ನೂ ಒಂದೇ ಕಡೆ ತುಂಬಬೇಡಿ. ಪುಸ್ತಕ ತೆರೆದು ಮುನ್ನುಡಿ, ಪರಿವಿಡಿ ನೋಡಿ. ಒಳಗೆ ವಚನಗಳೇ ಇದ್ದರೆ ಕನ್ನಡ ಸಾಹಿತ್ಯ, 894.814. ವಚನಗಳ ಸಾಹಿತ್ಯ ವಿಮರ್ಶೆಯೂ ಅಲ್ಲಿಗೇ. ಇಷ್ಟಲಿಂಗ ಪೂಜೆ, ಆಚರಣೆ ವಿವರಿಸುವ ಪುಸ್ತಕವಾದರೆ ಧರ್ಮ, ಅಂದರೆ 200ರ ವರ್ಗ. ಕಲ್ಯಾಣದ ರಾಜಕೀಯ ಇತಿಹಾಸ ಹೇಳುತ್ತಿದ್ದರೆ ಕರ್ನಾಟಕ ಇತಿಹಾಸ, 954.87. ನಿಮ್ಮೂರಿನ ಫ.ಗು. ಹಳಕಟ್ಟಿಯವರು ಸಂಪಾದಿಸಿದ ವಚನಗಳು ಸಾಹಿತ್ಯಕ್ಕೆ ಹೋಗುತ್ತವೆ, ಅವರ ಜೀವನ ಚರಿತ್ರೆ 920ಕ್ಕೆ.

ಹಾಗಾದರೆ ಎಲ್ಲಾ ಚದುರಿ ಹೋಯಿತಲ್ವಾ ಅಂತ ಕೇಳುತ್ತೀರಿ. ಟ್ಯಾಗ್ ಇರುವುದೇ ಅದಕ್ಕೆ. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ಎಲ್ಲಕ್ಕೂ 'ವಚನ' ಅಂತ ಟ್ಯಾಗ್ ಹಾಕಿ, ಒಂದು ಕ್ಲಿಕ್ಕಿಗೆ ಒಟ್ಟಿಗೆ ಬರುತ್ತವೆ. ಟ್ಯಾಗ್ ಎಷ್ಟಾದರೂ ಇರಲಿ, ಸಂಖ್ಯೆ ಮಾತ್ರ ಒಂದೇ. ಆ ಸಂಖ್ಯೆಗೆ ಪ್ರತ್ಯೇಕ ಕಾಲಂ ಮಾಡಿಕೊಳ್ಳಿ. ಕ್ಯಾಲಿಬರ್ ತಾನೇ ಮಾಡಿಕೊಂಡ ಫೋಲ್ಡರ್‌ಗಳ ಒಳಗೆ ಹೋಗಿ ಹೆಸರು ಬದಲಿಸಬೇಡಿ, ಕೈಮುಗಿದು ಕೇಳುತ್ತೇನೆ. ಅದು ಪುಸ್ತಕ ಹುಡುಕುವುದೇ ಆ ಹೆಸರುಗಳಿಂದ.

ಗೊಂದಲ ಆದಾಗೆಲ್ಲ ಏನು ತೀರ್ಮಾನಿಸಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 'ಶ್ರೀಕೃಷ್ಣ ಪಾರಿಜಾತ: ಹಾಡಿನ ಪಠ್ಯ 398, ರಂಗಪ್ರಯೋಗದ ಬಗ್ಗೆ ಇದ್ದರೆ 792' ಅಂತ ಒಂದು ಸಾಲು ಸಾಕು. ನನ್ನ ತೀರ್ಮಾನ ನಿಮಗೆ ಒಪ್ಪಿಗೆ ಆಗದಿದ್ದರೂ ಪರವಾಗಿಲ್ಲ. ಇವತ್ತೊಂದು ನಾಳೆಯೊಂದು ಮಾಡಬೇಡಿ, ಅಷ್ಟೇ.

ಉದ್ದ ಸಂಖ್ಯೆ ಹಾಕಿದರೆ ವರ್ಗೀಕರಣ ಜಾಸ್ತಿ ಶುದ್ಧ ಅನ್ನುವುದು ಸುಳ್ಳು. ಅಡುಗೆ ಪುಸ್ತಕ ಹತ್ತಿದ್ದರೆ 641.5 ಸಾಕು.

ಪ್ರಶ್ನೆ: ಫೈಲ್ ಹೆಸರಿನ ಮುಂದೆ ಸಂಖ್ಯೆ ಹಾಕಿದೆ. ವಿಂಡೋಸ್ 641.5 ಅನ್ನು 641.35ಕ್ಕಿಂತ ಮೊದಲು ತೋರಿಸುತ್ತದೆ.
(ಓದುಗರು, ಬಾಗಲಕೋಟೆ)

ವಿಂಡೋಸ್ ಚುಕ್ಕಿಯ ನಂತರದ 5 ಮತ್ತು 35ನ್ನು ದಶಮಾಂಶ ಅಂತಲ್ಲ, ಪೂರ್ಣ ಸಂಖ್ಯೆ ಅಂತ ಓದುತ್ತದೆ. ಎಲ್ಲಕ್ಕೂ ಚುಕ್ಕಿಯ ನಂತರ ನಾಲ್ಕು ಅಂಕಿ ಇರಲಿ: 641.3500, 641.5000. ಸಾಲು ಸರಿಹೋಗುತ್ತದೆ.

ಪ್ರಶ್ನೆ: ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿ ನಮ್ಮದೇ ಅಲ್ವಾ, ಅದನ್ನೇ ಬಳಸಲೇ?
(ಓದುಗರು, ಬೆಳಗಾವಿ)

1933ರ ಆ ಪದ್ಧತಿಯ ಮೇಲೆ ನನಗೆ ತುಂಬಾ ಗೌರವವಿದೆ. ಆದರೆ ಅಲ್ಲಿ ವಿಷಯದ ಭಾಗಗಳನ್ನು ಜೋಡಿಸಿ ಸಂಖ್ಯೆಯನ್ನು ನೀವೇ ಕಟ್ಟಬೇಕು. ಮನೆಗೆ ಬೇಡ.

ಪ್ರಶ್ನೆ: ರಾತ್ರೋರಾತ್ರಿ ಎಲ್ಲಾ ಫೈಲಿಗೂ ಡ್ಯೂಯಿ ಸಂಖ್ಯೆ ಹಾಕಿಕೊಡುತ್ತೇವೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.
(ಓದುಗರು, ಜಮಖಂಡಿ)

ಕೊಡಬೇಡಿ. ಇಂಥವರು ಫೈಲಿನ ಹೆಸರು ನೋಡಿ ಸಂಖ್ಯೆ ಅಂಟಿಸುತ್ತಾರೆ, ಪುಸ್ತಕ ತೆರೆಯುವುದಿಲ್ಲ. ಹಳೆ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲದಿದ್ದರೆ ಅವರ ತಂತ್ರಾಂಶಕ್ಕೆ ಒಳಗಿನ ಕನ್ನಡವೂ ಕಾಣುವುದಿಲ್ಲ. ಅವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆಮೇಲೆ ದಿನಕ್ಕೆ ಹತ್ತು ಪುಸ್ತಕದಂತೆ ನೀವೇ ಸಂಖ್ಯೆ ಹಾಕಿ.